ಒಂಬತ್ತು ಹಗ್ಗ, ಒಂದು ಎಳೆ

ನನ್ನ ಬರೆಯುವ ಮೇಜಿನ ಎಡಬದಿಗೆ ಅಂಗೈ ಅಗಲದ ಒಂದು ದಿಂಬಿದೆ. ನೀಲಿ ಚೌಕಳಿ ಬಟ್ಟೆ, ಒಳಗೆ ಮಗ್ಗದ ಚಿಂದಿ ನೂಲು. ಮನೆಗೆ ಬಂದವರು ಅದಕ್ಕೆ ತಮಗೆ ತೋಚಿದ ಕೆಲಸ ಹಚ್ಚುತ್ತಾರೆ. ಒಬ್ಬರು ಸೂಜಿ ಚುಚ್ಚಿಡುವುದಕ್ಕೆ ಎಂದರು. ಇನ್ನೊಬ್ಬರು ದೇವರ ಗಾದಿಯೆಂದು ತಿಳಿದು, ದೇವರು ಎಲ್ಲಿ ಎಂದು ಕೇಳಿದರು. ಅದು ನನ್ನ ಎಡ ಮೊಣಕೈಯ ಗಾದಿ. ದಿನವೂ ತಪ್ಪದೆ ಅದರ ಮೇಲೆ ಮೊಣಕೈಯನ್ನು ಕೂರಿಸಿಯೇ ಬರೆಯಲು ಶುರುಮಾಡುತ್ತೇನೆ. ಮರೆತ ದಿನ ಎಡಗೈಯ ಕಿರುಬೆರಳು ನಿದ್ದೆ ಹೋಗುತ್ತದೆ. ಕಿರುಬೆರಳು, ಮತ್ತು ಅದರ ಪಕ್ಕದ ಉಂಗುರಬೆರಳಿನ ಅರ್ಧ. ಪೂರ್ತಿ ಅಲ್ಲ, ಅರ್ಧ. ಈ ಅರ್ಧದ ವಿಚಾರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದು ವರದಿಗಾರಿಕೆಯ ಕೊಡುಗೆ. ಜಮಖಂಡಿಯಲ್ಲಿ ಕುಳಿತು ಹುಬ್ಬಳ್ಳಿಯ ಕಚೇರಿಗೆ ಫೋನಿನಲ್ಲಿ ಸುದ್ದಿ ಓದಿ ಹೇಳುತ್ತಿದ್ದ ಕಾಲ ಅದು. ಎಡಗೈಯಲ್ಲಿ ರಿಸೀವರು, ಎಡ ಮೊಣಕೈ ಕಟ್ಟಿಗೆಯ ಮೇಜಿನ ಮೇಲೆ, ಆ ಕಡೆಯಿಂದ "ಊರ ಹೆಸರು ಇನ್ನೊಮ್ಮೆ ಹೇಳ್ರಿ" ಎಂಬ ಕೂಗು. ಆಲಮಟ್ಟಿಯ ಹಿನ್ನೀರು ಏರುತ್ತಿದ್ದ ವರ್ಷಗಳು. ಬೀಳಗಿ ತಾಲೂಕಿನ ಮುಳುಗಡೆ ಊರುಗಳ ಹೆಸರನ್ನು ಅಕ್ಷರ ಬಿಡಿಸಿ ಬಿಡಿಸಿ ಹೇಳುತ್ತಿದ್ದೆ. ಊರುಗಳು ನೀರಿನ ಕೆಳಗೆ ಹೋದವು, ನನ್ನ ಕಿರುಬೆರಳು ನಿದ್ದೆಗೆ ಹೋಯಿತು. ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳುವುದು ತಪ್ಪೆಂದು ಗೊತ್ತಿದೆ. ಆದರೆ ಮನುಷ್ಯ ತನ್ನ ಬೆರಳನ್ನೇ ಮೊದಲು ನೆನೆಯುತ್ತಾನೆ.

ಕಿರುಬೆರಳಿಗೆ ಹೋಗುವ ನರ ಮೊಣಕೈಯ ಒಳಬದಿಯ ಎಲುಬಿನ ಉಬ್ಬಿನ ಹಿಂದಿನಿಂದ ಹಾದುಹೋಗುತ್ತದೆ. ಅದರ ಮೇಲೆ ಚರ್ಮ ಬಿಟ್ಟರೆ ಬೇರೆ ಹೊದಿಕೆ ಇಲ್ಲವೇ ಇಲ್ಲ ಅನ್ನಬೇಕು. ಮಿದುಳನ್ನು ಎಲುಬಿನ ಪೆಟ್ಟಿಗೆಯಲ್ಲಿ, ಹೃದಯವನ್ನು ಪಕ್ಕೆಲುಬಿನ ಪಂಜರದಲ್ಲಿ ಜೋಪಾನವಾಗಿ ಇಟ್ಟ ದೇವರು, ಇದೊಂದನ್ನು ಮಾತ್ರ ಸೀಟು ಹಿಡಿಯಲು ಬಸ್ಸಿನ ಕಿಟಕಿಯಲ್ಲಿ ಹಾಕಿದ ಟವೆಲಿನಂತೆ ಹೊರಗೇ ಬಿಟ್ಟಿದ್ದಾನೆ. ಮೊಣಕೈ ಗೋಡೆಗೆ ಬಡಿದಾಗ ಕಿರುಬೆರಳ ತುದಿಯವರೆಗೆ ಝುಮ್ಮೆನ್ನುವುದು ಇದರಿಂದಲೇ.

ಈ ದಿಂಬು ಹೊಲಿದುಕೊಟ್ಟವಳು ಬನಹಟ್ಟಿಯ ನಮ್ಮ ಕಾಕು. ಕಾಕಾ ಅಂದರೆ ನನ್ನ ಅಪ್ಪನ ತಮ್ಮ ಶಂಕ್ರೆಪ್ಪ, ಕಾಕು ಅವನ ಹೆಂಡತಿ ನೀಲವ್ವ. ಅಪ್ಪನಿಗೆ ಬೀಳಗಿ ಕಡೆಯ ಹಳ್ಳಿಯೊಂದರಲ್ಲಿ ಮಾಸ್ತರಿಕೆ. ನಾನು ಹೈಸ್ಕೂಲು ಓದಿದ್ದು ಕಾಕಾನ ಮನೆಯಲ್ಲಿದ್ದು. ಮಕ್ಕಳಿಲ್ಲದ ಆ ಮನೆಯಲ್ಲಿ ನನಗೆ ಒಂದು ಮೂಲೆ, ಒಂದು ಪಾಟಿಚೀಲ, ಮತ್ತು ದಿನಕ್ಕೆ ನಾಲ್ಕು ಸಲ ಮೊಣಕೈಯನ್ನು ಮಗ್ಗದ ಕಂಬಕ್ಕೆ ಬಡಿದುಕೊಳ್ಳುವ ಹಕ್ಕು ಇತ್ತು. ನಡುಮನೆಯ ಅರ್ಧವನ್ನು ಕುಣಿಮಗ್ಗವೇ ನುಂಗಿತ್ತು. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ. ಉಳಿದ ಅರ್ಧದಲ್ಲಿ ಉಣ್ಣುವುದು, ಮಲಗುವುದು, ನನ್ನ ಗಣಿತ.

ನಾನು ಕಂಬಕ್ಕೆ ಬಡಿದುಕೊಂಡು ಕುಣಿದಾಗಲೆಲ್ಲ ಕಾಕುನದು ಒಂದೇ ಮಾತು.

"ಕಂಬಕ್ಕ ಏನೂ ಆಗಿಲ್ಲಲ್ಲೋ ತಮ್ಮಾ?"

ಆಮೇಲೆ ಬೂದಿ ಮೆತ್ತಿದ ಕೈಯಿಂದಲೇ ನನ್ನ ಮೊಣಕೈ ತಿಕ್ಕುತ್ತಿದ್ದಳು. ಅವಳ ಬೆರಳ ತುದಿಗಳಲ್ಲಿ ಯಾವಾಗಲೂ ಬೂದಿ. ಅದು ಅವಳ ಕೆಲಸದ ಗುರುತು.

ಆ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳು ಹಾಸು, ಲಾಳಿಯಲ್ಲಿ ಅಡ್ಡಡ್ಡ ಓಡುವುದು ಹೊಕ್ಕು. ಒಂದು ಹಾಸು ನೇಯ್ದು ಮುಗಿಯಲು ಬಂದಾಗ ಅದರ ತುದಿಗೆ ಹೊಸ ಹಾಸನ್ನು ಜೋಡಿಸಬೇಕು. ಸಾವಿರಾರು ಎಳೆ. ಹಳೆಯದರ ಒಂದೊಂದು ತುದಿಗೆ ಹೊಸದರ ಒಂದೊಂದು ತುದಿಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಇಟ್ಟು ಹೊಸೆದು ಒಂದಾಗಿಸಬೇಕು. ಗಂಟು ಹಾಕುವಂತಿಲ್ಲ. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಬೆರಳು ಜಾರದಿರಲಿ ಎಂದು ಪಕ್ಕದಲ್ಲಿ ಒಂದು ಬಟ್ಟಲು ಒಲೆಯ ಬೂದಿ.

ಕಾಕು ಕೆಚ್ಚುವುದನ್ನು ನೋಡಲು ರಬಕವಿಯಿಂದಲೂ ಹೆಣ್ಣುಮಕ್ಕಳು ಬರುತ್ತಿದ್ದರು. ಅವಳು ಎಳೆಯ ಕಡೆ ನೋಡುತ್ತಲೇ ಇರಲಿಲ್ಲ. ನೋಡುತ್ತಿದ್ದುದು ಎದುರಿಗೆ ಕೂತವರ ಮುಖವನ್ನು. ಓಣಿಯ ಸುದ್ದಿಯನ್ನೆಲ್ಲ ಬಾಯಿ ಹೇಳುತ್ತಿತ್ತು, ಕೈ ತನ್ನ ಪಾಡಿಗೆ ತಾನು ಒಂದಾದ ಮೇಲೊಂದು ಎಳೆ ಹೊಸೆಯುತ್ತಿತ್ತು. ಎರಡು ಎಳೆ ಒಟ್ಟಿಗೆ ಬಂದರೆ ಮಾತು ನಡುವೆ ನಿಲ್ಲುತ್ತಿತ್ತು. "ಹುಂ, ಇವು ಎರಡು ಬಂದ್ವು" ಎಂದು ಒಂದನ್ನು ಬಿಟ್ಟು, ಮಾತು ನಿಂತಲ್ಲಿಂದಲೇ ಮುಂದುವರಿಸುತ್ತಿದ್ದಳು.

ಒಮ್ಮೆ ನನಗೂ ಕಲಿಸಲು ನೋಡಿದಳು. ಹತ್ತು ಎಳೆ ಕೆಚ್ಚುವುದರಲ್ಲಿ ನಾನು ಮೂರನ್ನು ಅದಲುಬದಲು ಮಾಡಿದ್ದೆ.

"ಎಳಿ ಗಟ್ಟಿ ಐತೋ ಇಲ್ಲೋ ಆಮ್ಯಾಲಿನ ಮಾತು," ಎಂದಳು. "ಮೊದಲ ಅದರ ಬಾಜೂಕ ಯಾವದೈತಿ ನೋಡು. ತನ್ನ ಜಾಗಾ ಬಿಟ್ಟು ಕುಂತ ಎಳಿ ಸೀರಿ ತುಂಬ ಜಗಳಾ ತಗೀತೈತಿ."

ಅದಲುಬದಲಾದ ಎರಡು ಎಳೆ ಒಂದರ ಮೇಲೊಂದು ಅಡ್ಡ ಹಾಯ್ದು, ಉಜ್ಜಿ ಉಜ್ಜಿ, ಸೀರೆಯ ಉದ್ದಕ್ಕೂ ಕೂದಲಿನಷ್ಟು ಬಿಗಿಯಾದ ಒಂದು ಗೆರೆ ಮೂಡಿಸುತ್ತವೆ. ಕಣ್ಣಿಗೆ ಕಾಣುವುದು ಕಷ್ಟ. ನೇಕಾರರ ಕೈಗೆ ಗೊತ್ತಾಗುತ್ತದೆ.

ಮುಂದೆ ಪತ್ರಿಕೆ ಸೇರಿದ ಮೇಲೆ ನನ್ನ ಅನ್ನವೂ ಯಾರ ಪಕ್ಕ ಯಾರು ಎಂಬುದರ ಮೇಲೆಯೇ ನಿಂತಿತು. ಫೋಟೊದ ಕೆಳಗೆ 'ಎಡದಿಂದ ಬಲಕ್ಕೆ' ಎಂದು ಬರೆಯುವ ಕೆಲಸ. ಲೋಕಾಪುರದ ಒಂದು ಸಮಾರಂಭದಲ್ಲಿ ನಾನು ವೇದಿಕೆಯ ಹಿಂದಿನಿಂದ ಹೆಸರು ಬರೆದುಕೊಂಡೆ, ಫೋಟೊದವನು ಮುಂದಿನಿಂದ ಹೊಡೆದ. ಮರುದಿನ ಪತ್ರಿಕೆಯಲ್ಲಿ ಸನ್ಮಾನಿತರ ಹೆಸರು ಮೈಕಿನವನಿಗೆ ಹೋಗಿತ್ತು. ಮೈಕಿನವನು ಹತ್ತು ಪ್ರತಿ ಕೊಂಡನಂತೆ. ಕಾಕು ಆ ಪುಟವನ್ನು ನೋಡಿ, "ಎಳಿ ಅಡ್ಡಾಗ್ಯಾವ. ಬಿಚ್ಚಿ ಕೆಚ್ಚು" ಎಂದಳು. ನಾನು ತಿದ್ದುಪಡಿ ಹಾಕಿಸಿದೆ.

ಬಾಗಲಕೋಟೆ ಬೇರೆ ಜಿಲ್ಲೆಯಾಗಿ ಆರೇಳು ವರ್ಷವಾಗಿದ್ದಾಗಿನ ಮಾತು. ಓಣಿಯ ತುಂಬ ಪಾವರ್‌ಲೂಮಿನ ಸದ್ದು, ಕಾಕಾನ ಮನೆಯಲ್ಲಿ ಮಾತ್ರ ಇನ್ನೂ ಕುಣಿಮಗ್ಗ. ನಾನು ಜಮಖಂಡಿಯಿಂದ ರವಿವಾರಕ್ಕೊಮ್ಮೆ ಬನಹಟ್ಟಿಗೆ ಹೋಗಿ ರೊಟ್ಟಿ ತಿಂದು ಬರುತ್ತಿದ್ದೆ. ಎಲ್ಲವನ್ನೂ ಗಮನಿಸುವವನೆಂದು ನನಗೆ ನನ್ನ ಬಗ್ಗೆ ಅಭಿಮಾನವಿತ್ತು. ಆ ಬೇಸಿಗೆಯಲ್ಲಿ ಏಳೆಂಟು ರವಿವಾರ ನನ್ನ ಕಣ್ಣೆದುರಿಗೇ ಇದ್ದುದನ್ನು ನಾನು ನೋಡಲಿಲ್ಲ. ಆಮೇಲೊಂದು ರವಿವಾರ ಮನೆ ಯಾಕೋ ಬಹಳ ಶಾಂತವಾಗಿದೆ ಅನ್ನಿಸಿತು. ಕಾಕು ಕೆಚ್ಚುತ್ತಿದ್ದಳು, ಆದರೆ ಮಾತಾಡುತ್ತಿರಲಿಲ್ಲ. ಅವಳ ಕಣ್ಣು ಎಳೆಯ ಮೇಲಿತ್ತು.

"ಕಾಕು, ಯಾಕ ಬಾಯಿ ಬಂದ್ ಇಟ್ಟೀದಿ?"

"ಎಣಸಾಕತ್ತೇನಿ, ಸುಮ್ನಿರು."

ಅವಳು ಎಂದೂ ಎಣಿಸಿದವಳಲ್ಲ. ನಾನು ಪಕ್ಕದಲ್ಲಿ ಕೂತೆ. ಅವಳ ಬೆರಳುಗಳ ನಡುವೆ ಎಳೆ ಇರಲಿಲ್ಲ. ಅದು ಜಾರಿ ಮಡಿಲಿಗೆ ಬಿದ್ದಿತ್ತು. ಅವಳು ಇನ್ನೂ ಹೊಸೆಯುತ್ತಿದ್ದಳು.

ನಾನು ನೋಡಿದ್ದನ್ನು ಅವಳು ನೋಡಿದಳು. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ನಿಮ್ಮ ಕಾಕಾಗ ಹೇಳಬ್ಯಾಡ," ಎಂದಳು. "ಎರಡ ತಿಂಗಳಾತು. ಬಲಗೈ ಹೆಬ್ಬಟ್ಟು, ಅದರ ಬಾಜೂಕಿನ ಎರಡು ಬಟ್ಟು, ತೊಗಲಿನ ಚೀಲ ಹಾಕ್ಕೊಂಡಂಗ ಆಗ್ಯಾವ. ಚಾದ ಕಪ್ಪು ಹಿಡದೇನೋ ಬಿಟ್ಟೇನೋ ತಿಳೀವಲ್ದು. ಬೆಳಿಗ್ಗೆ ಎದ್ದ ಕೂಡ್ಲೆ ಕೈ ಝಾಡಿಸಿದ್ರ ಜರಾ ಜೀಂವ ಬರ್ತೈತಿ."

"ಡಾಕ್ಟರಿಗೆ ತೋರಸೋಣ."

"ಕೈ ಕೊಯ್ದು ಇನ್ನಷ್ಟು ಕೆಡಿಸಿದ್ರ? ಈಗರೆ ಕಣ್ಣಿಲೆ ನೋಡಿ ಕೆಚ್ಚತೇನಿ. ಪೂರಾ ಹೋದ್ರ ನಾ ಈ ಮನ್ಯಾಗ ಏನ್ ಮಾಡ್ಲಿ? ಅವರ ಮಗ್ಗದ ಮುಂದ ಬ್ಯಾರೇದಾಕಿ ಬಂದು ಕುಂತು ಕೆಚ್ಚೂದನ್ನ ನೋಡ್ಕೋಂತ ಕೂಡ್ಲೇನು?"

ಲಾಳಿಗೆ ಎಣ್ಣೆ ಹಚ್ಚುತ್ತಿದ್ದ ಕಾಕಾನ ಕೈ ನಿಂತಿತ್ತು. ಕಾಕಾ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ, ನಮ್ಮ ಕಡೆ ತಿರುಗದೆ ಹೇಳಿದ.

"ತುಬಚಿ ಮಾಳಪ್ಪಜ್ಜಗ ಬಾ ಅಂತ ಹೇಳಿ ಕಳಿಸೇನಿ. ನಾಳಿಗೆ ಬರ್ತಾನ."

ಅವನಿಗೆ ಎಷ್ಟು ಗೊತ್ತಿದೆ ಎಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ. ಎಣ್ಣೆಯ ಬಟ್ಟೆ ಮತ್ತೆ ಲಾಳಿಯ ಮೇಲೆ ಓಡಿತು.

ಮಾಳಪ್ಪಜ್ಜ ತುಬಚಿ ಎಂಬ ಹಳ್ಳಿಯ ಕುರಿ ಕಾಯುವ ಮನೆತನದವನು, ಬೀರೇಶ್ವರನ ಭಕ್ತ. ಮುರಿದ ಎಲುಬು ಕಟ್ಟುವುದರಲ್ಲಿ ಹೆಸರುವಾಸಿ. ಮರುದಿನ ನಾನು ರಜೆ ಹಾಕಿ ಉಳಿದುಕೊಂಡೆ. ಹಣೆಯ ಮೇಲೆ ಭಂಡಾರದ ಅರಿಸಿನ, ಹೆಗಲ ಮೇಲೆ ಕಂಬಳಿ ಹೊತ್ತು ಅಜ್ಜ ಬಂದ. ಎಣ್ಣೆ ಕಾಸಿಡಬೇಕೇ ಎಂದು ಕಾಕಾ ಕೇಳಿದ. ಅಜ್ಜ ಬೇಡವೆಂದು, ಕಂಬಳಿಯ ಅಂಚಿಗೆ ಸಿಕ್ಕಿದ್ದ ಜಾಲಿಮುಳ್ಳೊಂದನ್ನು ಕಿತ್ತುಕೊಂಡ.

"ತಂಗೀ, ಕಣ್ಣು ಮುಚ್ಚು. ಚುಚ್ಚಿದ್ದು ತಿಳದ್ರ ಹೂಂ ಅನ್ನು."

ಹೆಬ್ಬೆರಳಿಗೆ ಮೆಲ್ಲಗೆ ಮುಳ್ಳು ತಾಗಿಸಿದ. ಕಾಕು ಸುಮ್ಮನೆ. ತೋರುಬೆರಳು, ಸುಮ್ಮನೆ. ನಡುಬೆರಳು, ಸುಮ್ಮನೆ. ಕಿರುಬೆರಳಿಗೆ ತಾಗಿಸಿದಾಗ "ಹೂಂ, ಹೂಂ, ಮೆಲ್ಲಕ ಮಾರಾಯಾ" ಎಂದಳು. ಅಜ್ಜ ಉಂಗುರಬೆರಳಿಗೆ ಬಂದು ಅಲ್ಲೇ ಬಹಳ ಹೊತ್ತು ನಿಂತ. ನಡುಬೆರಳಿನ ಕಡೆಯ ಮಗ್ಗುಲಿಗೆ ಚುಚ್ಚಿದರೆ ಕಾಕುಗೆ ತಿಳಿಯುತ್ತಿರಲಿಲ್ಲ. ಅದೇ ಬೆರಳಿನ ಕಿರುಬೆರಳ ಕಡೆಯ ಮಗ್ಗುಲಿಗೆ ಚುಚ್ಚಿದರೆ ತಿಳಿಯುತ್ತಿತ್ತು.

"ಒಂದ ಬಟ್ಟಿನ್ಯಾಗ ಎರಡು ಹೊಲ ಅದಾವು," ಎಂದ ಅಜ್ಜ. "ಬದು ನಟ್ಟನಡುವ ಹಾದೈತಿ. ಈ ಕಡೆ ಹೊಲಕ್ಕ ನೀರು ಬರ್ತೈತಿ, ಆ ಕಡೆ ಬರೂದಿಲ್ಲ. ಎರಡೂ ಕಾಲವಿ ಬ್ಯಾರೆ ಬ್ಯಾರೆ."

ಅವಳ ಕೈಯನ್ನು ಮಡಿಲಿಗೆ ಮರಳಿಸಿ, ಮುಳ್ಳನ್ನು ಅಂಗಳಕ್ಕೆ ಎಸೆದ.

"ನಾ ಇದಕ್ಕ ಕೈ ಹಚ್ಚೂದಿಲ್ಲ ಶಂಕ್ರೆಪ್ಪ. ಮುಂಗೈಯಾಗ ಎಲ್ಲೋ ಒತ್ತಿ ಹಿಡದೈತಿ. ಅಲ್ಲೆ ಹುರಿ ಅದಾವು, ರಕ್ತದ ಕೊಳವಿ ಅದಾವು, ಬಿಳಿ ದಾರ ಐತಿ, ಎಲ್ಲಾ ಒಂದಕ್ಕೊಂದು ಹತ್ತಿ ಕುಂತಿರ್ತಾವು. ಒಮ್ಮೆ ನನ್ನ ಕುರಿ ತಂತಿಬೇಲ್ಯಾಗ ಕಾಲ ಸಿಗಿಸಿಕೊಂಡಿತ್ತು. ಎಲುಬು ಕಟ್ಟಿದೆ, ಕೂಡ್ತು. ಖರೆ, ಬಿಳಿ ದಾರ ಹರದಿದ್ದು ನನಗ ತಿಳೀಲಿಲ್ಲ. ಸಾಯೂತನಕ ಗೊರಸು ಎಳಕೋಂತ ಅಡ್ಡಾಡ್ತು. ಬೀರಪ್ಪನ ಆಣಿ, ಎಲುಬು ಅಂದ್ರ ನಂದು, ದಾರ ಅಂದ್ರ ಡಾಕ್ಟರಂದು. ಜಮಖಂಡಿಗೆ ಹೋಗ್ರಿ."

ಚಹಾ ಕುಡಿದು ಹೋದ. ಎಷ್ಟೋ ಜನ ದೊಡ್ಡವರ ಹೇಳಿಕೆಗಳನ್ನು ಬರೆದುಕೊಂಡಿದ್ದೇನೆ. ತನಗೆ ಗೊತ್ತಿರುವುದು ಎಲ್ಲಿಗೆ ಮುಗಿಯುತ್ತದೆ ಎಂದು ಇಷ್ಟು ಸ್ಪಷ್ಟವಾಗಿ ಹೇಳಿದವರು ಕಡಿಮೆ.

ಜಮಖಂಡಿಗೆ ವಾರಕ್ಕೊಮ್ಮೆ ಕೈ-ಕಾಲಿನ ಡಾಕ್ಟರೊಬ್ಬರು ಬರುತ್ತಿದ್ದರು. ಮುಧೋಳ ಕಡೆಯವರು, ಮಾತು ನಮ್ಮ ಹಾಗೆಯೇ. ಕಾಕುನ ಕೈಯನ್ನು ಮಡಿಸಿ, ಬಿಡಿಸಿ, ಮುಂಗೈಯ ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟಿ ನೋಡಿದರು. ಅಜ್ಜನ ಮುಳ್ಳಿನ ಪರೀಕ್ಷೆಯ ಸುದ್ದಿ ಕೇಳಿ, "ಅವರು ನನ್ನ ಅರ್ಧ ಕೆಲಸ ಮಾಡಿ ಕಳಿಸ್ಯಾರಲ್ಲ" ಎಂದು ನಕ್ಕರು. ಆಮೇಲೆ ಒಂದು ಹಾಳೆ ತೆಗೆದುಕೊಂಡು, ಮುಂಗೈಯನ್ನು ಸೌತೆಕಾಯಿಯಂತೆ ಅಡ್ಡ ಕೊಯ್ದರೆ ಹೇಗೆ ಕಾಣುತ್ತದೋ ಹಾಗೆ ಚಿತ್ರ ಬರೆದರು. ಕೆಳಗೆ ಸಣ್ಣ ಸಣ್ಣ ಎಲುಬುಗಳು ಸೇರಿ ಆದ ಒಂದು ತಗ್ಗು. ಮೇಲೆ ಅಡ್ಡಕ್ಕೆ ಬಿಗಿದ ಒಂದು ಗಟ್ಟಿ ಪಟ್ಟಿ. ನಡುವೆ ಗುಂಡು ಗುಂಡಾಗಿ ಒಂಬತ್ತು ಸೊನ್ನೆ.

"ಇದು ಕುಣಿಮಗ್ಗದ ಕುಣಿ ಇದ್ದಂಗೈತಲ್ರಿ," ಎಂದ ಕಾಕಾ. ಅವತ್ತು ಅವನಾಡಿದ ಮೊದಲ ಮಾತು.

"ಹೌದ್ರಿ, ಮ್ಯಾಲೆ ಹಲಗಿ ಮುಚ್ಚಿದ ಕುಣಿ. ಈ ಒಂಬತ್ತು, ಬಟ್ಟು ಮಡಚೂ ಹಗ್ಗ. ಮತ್ತ ಹತ್ತನೇದು ಇದು." ಪಟ್ಟಿಯ ಕೆಳಗೆ, ಎಲ್ಲ ಸೊನ್ನೆಗಳ ಮೇಲೆ, ಒಂದು ಚಪ್ಪಟೆ ಸೊನ್ನೆ ಬರೆದರು. "ಇದು ನರ. ನಿಮ್ಮ ಹೆಬ್ಬಟ್ಟು, ಅದರ ಬಾಜೂಕಿನ ಎರಡು, ಉಂಗುರಬಟ್ಟಿನ ಅರ್ಧ, ಇಷ್ಟಕ್ಕೂ ಸುದ್ದಿ ಮುಟ್ಟಸೂದು ಇದು. ಹಗ್ಗ ಬಾತ್ರೂ, ಹಲಗಿ ಬಿಗಿ ಆದ್ರೂ ಮೊದಲ ಹಿಸುಕಾಡೂದು ಇದನ್ನ. ಕಿರಿಬಟ್ಟಿನ ನರ ಈ ಕುಣಿಯಾಗ ಇಳಿಯೂದ ಇಲ್ಲ, ಹಲಗಿ ಮ್ಯಾಲ ಹಾದು ಹೋಗತೈತಿ. ಅದಕ್ಕ ಅದು ಆರಾಮ."

ನಾನು ಅಭ್ಯಾಸಬಲದಿಂದ ಎಡಕ್ಕೆ ಇದು, ಬಲಕ್ಕೆ ಇದು ಎಂದು ಗುರುತು ಹಾಕಿಕೊಳ್ಳುತ್ತಿದ್ದೆ. ಡಾಕ್ಟರು ನನ್ನ ಟಿಪ್ಪಣಿ ವಹಿಯತ್ತ ಬಾಗಿದರು.

"ಎಡಾ-ಬಲಾ ಬರೀಬ್ಯಾಡ್ರಿ ಪೇಪರ್ ಸಾಹೇಬ್ರ. ಕೈ ಹೊರಳಿಸಿದ್ರ ಎಡದ್ದು ಬಲಕ್ಕ ಬರ್ತೈತಿ. ಹೆಬ್ಬಟ್ಟಿನ ಕಡೆ, ಕಿರಿಬಟ್ಟಿನ ಕಡೆ ಅಂತ ಬರೀರಿ."

ಕಾಕು ಆ ಕೋಣೆಗೆ ಬಂದಮೇಲೆ ಮೊದಲ ಸಲ ಮುಖ ಎತ್ತಿದಳು. "ನಾವೂ ಹಂಗ ಅಂತೀವ್ರಿ. ಹಾಸಿನ ಎಳಿಗೆ ಎಡಾ-ಬಲಾ ಇಲ್ಲ. ಅಂಚಿನ ಕಡೆ, ಒಡಲಿನ ಕಡೆ."

ಅಲ್ಲಿಂದ ಅವರಿಬ್ಬರಿಗೂ ಹೊಂದಿಕೆಯಾಯಿತು. ಡಾಕ್ಟರು ನಮ್ಮ ಮೂವರಿಗೂ ಒಂದು ಆಟ ಹೇಳಿಕೊಟ್ಟರು. ನೀವೂ ಮಾಡಿ ನೋಡಬಹುದು. ಹೆಬ್ಬೆರಳ ತುದಿಯನ್ನು ಕಿರುಬೆರಳ ತುದಿಗೆ ಮುಟ್ಟಿಸಿ ಮುಂಗೈಯನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿದರೆ, ಮುಂಗೈಯ ನಡುವೆ ಒಂದು ಹಗ್ಗ ಉಬ್ಬಿ ನಿಲ್ಲುತ್ತದೆ. ಅದು ಆ ಒಂಬತ್ತರಲ್ಲಿ ಸೇರಿದ್ದಲ್ಲ, ಪಟ್ಟಿಯ ಹೊರಗಿನದು. ಅದರ ಕೆಳಗೇ, ಚೂರು ಹೆಬ್ಬೆರಳ ಕಡೆಗೆ ಸರಿದು, ಆ ನರ ಮಲಗಿರುತ್ತದೆ. ಕಾಕಾನ ಕೈಯಲ್ಲಿ ಹಗ್ಗ ನಿಂತಿತು. ಕಾಕುನ ಕೈಯಲ್ಲೂ ನಿಂತಿತು. ನನ್ನ ಎರಡೂ ಕೈಯಲ್ಲಿ ಏನೂ ಇಲ್ಲ.

"ಕೆಲವೊಬ್ರಿಗೆ ಹುಟ್ಟಾ ಇರೂದಿಲ್ಲ," ಎಂದರು ಡಾಕ್ಟರು. "ಅದು ಇಲ್ಲದಿದ್ರೂ ನಡೀತೈತಿ."

"ಅದಕ್ಕ ನೋಡ್ರಿ, ಇಂವಗ ಕೆಚ್ಚಾಕ ಬರಲಿಲ್ಲ," ಎಂದಳು ಕಾಕು. "ಒಂದು ಹಗ್ಗ ಕಡಿಮಿ ಹುಟ್ಯಾನ."

ಆದರೆ ಈ 'ಕೆಲವೊಬ್ಬರು' ಎಂಬ ಮಾತು ಅವಳ ಮನಸ್ಸಿನಲ್ಲಿ ಉಳಿಯಿತು. ಎಲ್ಲರ ಕೈ ಒಂದೇ ನಮೂನೆ ಇರುವುದಿಲ್ಲವೇ ಎಂದು ಕೇಳಿದಳು. ಇರುವುದಿಲ್ಲ ಎಂದರು ಡಾಕ್ಟರು. ಅವರು ಮುಚ್ಚಿಡುವ ಜಾತಿಯವರಲ್ಲ. ಪಟ್ಟಿಯನ್ನು ಕತ್ತರಿಸಿ ಬಿಗಿ ಸಡಿಲಿಸುವುದೇ ಶಸ್ತ್ರಕ್ರಿಯೆ. ಆದರೆ ಆ ನರದಿಂದ ಒಂದು ಸಣ್ಣ ಕವಲು ಒಡೆದು ಹೆಬ್ಬೆರಳ ಬುಡದ ಮಾಂಸಕ್ಕೆ ಹೋಗುತ್ತದೆ. ಹೆಬ್ಬೆರಳು ಬೇರೆ ಬೆರಳುಗಳ ಎದುರಿಗೆ ಬಂದು ನಿಲ್ಲುವುದು ಅದರಿಂದಲೇ. ಬಹಳ ಜನರಲ್ಲಿ ಅದು ಪಟ್ಟಿಯನ್ನು ದಾಟಿದ ಮೇಲೆ ಕವಲೊಡೆಯುತ್ತದೆ. ಕೆಲವರಲ್ಲಿ ಪಟ್ಟಿಯ ಕೆಳಗೇ ಕವಲೊಡೆದು, ಪಟ್ಟಿಯನ್ನೇ ತೂರಿಕೊಂಡು ಹೊರಬರುತ್ತದೆ. ಅದು ತುಂಡಾದರೆ ಹೆಬ್ಬೆರಳು ತೋರುಬೆರಳಿನ ಎದುರಿಗೆ ಸರಿಯಾಗಿ ಬರುವುದಿಲ್ಲ. ಎಂದರೆ ಎಳೆ ಹೊಸೆಯುವುದು ಮುಗಿದಂತೆ.

"ನನ್ನ ಕೈಯಾಗ ಹೆಂಗೈತ್ರಿ?"

"ತೆಗೆದ ಮ್ಯಾಲೇ ಗೊತ್ತಾಗೂದ್ರಿ ಅವ್ವಾರ."

ಹಾಗೇ ಬಿಟ್ಟರೆ ಏನಾಗುತ್ತದೆ ಎಂದು ನಾನು ಕೇಳಿದೆ. ದಿನ ಕಳೆದಂತೆ ಬೆರಳ ಅರಿವು ಪೂರ್ತಿ ಹೋಗಬಹುದು, ಹೆಬ್ಬೆರಳ ಬುಡ ಬತ್ತಬಹುದು ಎಂದರು. ಕಾಕು ಚಿತ್ರವನ್ನು ತನ್ನ ಕಡೆಗೆ ಎಳೆದುಕೊಂಡಳು. ಎಡಗೈಯ ತೋರುಬೆರಳನ್ನು ಆ ಚಪ್ಪಟೆ ಸೊನ್ನೆಯ ಮೇಲೆ ಇಟ್ಟಳು.

"ಒಂದು ಮಾತ್ರೀ ಡಾಕ್ಟರ. ಹರಿಯೂದಕ್ಕಿಂತ ಮೊದಲ ಆ ಬಾಜೂಕ, ಈ ಬಾಜೂಕ, ಎರಡೂ ಕಡೆ ನೋಡ್ರಿ. ಎಳಿ ತಪ್ಪೂದು ಗಡಬಡಿಯಾಗ."

"ಆತ್ರಿ ಅವ್ವಾರ. ನೋಡೇ ಕೊಯ್ತೀನಿ."

"ನನಗೂ ತೋರಸ್ತೀರೇನು?"

"ಇಲ್ರೀ, ಪಡದೆ ಕಟ್ತೀವಿ."

"ನಿಮಗ ಹೊಸಾ ಸೊಸಿಗೆ ಕಲಿಸಿದಂಗ ಕಲಿಸಬೇಕಂತ ಮಾಡಿದ್ದೆ," ಎಂದಳು. ಆ ಸಲ ಮೊದಲು ನಕ್ಕವನು ಕಾಕಾ.

ಕೈಗೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಾಡಿದರು. ನಾನು ಮತ್ತು ಕಾಕಾ ಹೊರಗಿನ ಬೆಂಚಿನ ಮೇಲೆ ಕೂತೆವು. ನಾನು ಹಳೆಯ ಪತ್ರಿಕೆಯಲ್ಲಿ ನನ್ನದೇ ವರದಿಯನ್ನು ಐದು ಸಲ ಓದಿದೆ, ಒಂದು ತಪ್ಪು ಸಿಕ್ಕಿತು. ಕಾಕಾ ತನ್ನ ಹೆಬ್ಬೆರಳು, ತೋರುಬೆರಳನ್ನು ಒಂದಕ್ಕೊಂದು ಉಜ್ಜುತ್ತ ಕೂತಿದ್ದ. ಎಳೆ ಇರಲಿಲ್ಲ, ಬೂದಿ ಇರಲಿಲ್ಲ, ಆದರೂ ಹೊಸೆಯುತ್ತಿದ್ದ.

ಡಾಕ್ಟರು ಹೊರಬಂದು ಕಾಕಾನ ಪಕ್ಕದಲ್ಲೇ ಕೂತರು.

"ಅವ್ವಾರು ಹೇಳಿದ್ದು ಛಲೋ ಆತ್ರಿ. ಅವರ ಕೈಯಾಗ ಆ ಕವಲು ಪಟ್ಟಿ ತೂರಿಕೊಂಡ ಬಂದೈತಿ. ನಾವು ಹೆಂಗೂ ಹುಡುಕೇ ಕೊಯ್ತೀವಿ, ಖರೆ ಇವತ್ತು ಎರಡ ಸಲ ಹುಡುಕಿದೆ. ಅದನ್ನ ಬಿಡಿಸಿ ಬಾಜೂಕ ಸರಿಸಿ, ಆಮ್ಯಾಲ ಪಟ್ಟಿ ಬಿಚ್ಚೇನಿ. ದಾರ ಸುರಕ್ಷಿತ ಐತಿ. ಅರಿವು ಎಷ್ಟು ತಿರುಗಿ ಬರ್ತೈತಿ ಅನ್ನೂದನ್ನ ಮಾತ್ರ ಈಗ ಹೇಳಾಕ ಬರೂದಿಲ್ಲ. ತಿಂಗಳಾನುಗಟ್ಟಲೆ ಕಾಯಬೇಕು."

ಅದೇ ದಿನ ನಾನು ಸಂಕೋಚದಿಂದ ನನ್ನ ಎಡ ಕಿರುಬೆರಳ ವಿಚಾರ ಎತ್ತಿದೆ. ಅವರು ನನ್ನ ಮೊಣಕೈಯನ್ನು ಒಮ್ಮೆ ಮುಟ್ಟಿ, "ಮೇಜಿನ ಮ್ಯಾಲ ಮೊಣಕೈ ಊರೂದು ಬಿಡ್ರಿ, ಇಲ್ಲಾ ಕೆಳಗೊಂದು ಮೆತ್ತಗಿಂದು ಇಟ್ಕೋರಿ" ಎಂದರು. ಪಟ್ಟಿ ಕಟ್ಟಿದ ಕೈಯನ್ನು ಎದೆಗೆ ಹಿಡಿದುಕೊಂಡು ಬಂದ ಕಾಕು ಅದನ್ನು ಕೇಳಿಸಿಕೊಂಡಿದ್ದಳು. "ನಿಂದು ಬ್ಯಾರೆ ಎಳಿ, ನಂದು ಬ್ಯಾರೆ ಎಳಿ," ಎಂದಳು. "ಇಬ್ಬರದೂ ಕೂಡಿಸಿದ್ರ ಒಂದು ಛಲೋ ಕೈ ಆಕೈತಿ."

ಆ ಮೇಲಿನ ವಾರಗಳಲ್ಲಿ ರೊಟ್ಟಿ ಬಡಿದವನು ಕಾಕಾ. ಹಿನ್ನೀರು ಹೊಕ್ಕ ಮೇಲಿನ ಬೀಳಗಿ ತಾಲೂಕಿನ ನಕ್ಷೆಯಂತೆ ಇರುತ್ತಿದ್ದವು ಅವನ ರೊಟ್ಟಿ. ಕಾಕು ಒಲೆಯ ಪಕ್ಕ ಕೂತು, "ಅಂಚು ನೋಡ್ರಿ, ಅಂಚು! ನಲವತ್ತು ವರ್ಷ ಅಂಚು ನೇಯ್ದಾವರಿಗೆ ರೊಟ್ಟಿ ಅಂಚು ಬರವಲ್ದಲ್ರೀ" ಎಂದು ಕಾಡುತ್ತಿದ್ದಳು. ಹೊಲಿಗೆ ಬಿಚ್ಚಿದರು. ತಿಂಗಳು ಕಳೆಯಿತು, ಎರಡಾಯಿತು. ಬೆಳಗಿನ ಜೋಮು ಹೋಯಿತು. ಹೆಬ್ಬೆರಳು ಮೊದಲಿನಂತೆ ಎಲ್ಲ ಬೆರಳುಗಳ ಎದುರಿಗೆ ಬಂದು ನಿಲ್ಲುತ್ತಿತ್ತು. ಸೂಜಿ ಹಿಡಿಯುವಷ್ಟು ಬಲ ಬಂತು, ಈ ದಿಂಬು ಹೊಲಿದಳು. ಹೊಲಿಗೆ ಸೊಟ್ಟ, ಇವತ್ತಿಗೂ ಹಾಗೇ ಇದೆ. ಆದರೆ ಎಳೆಯ ಅರಿವು ಬಂದಿರಲಿಲ್ಲ. ಅಥವಾ ಬಂದಿದೆಯೋ ಇಲ್ಲವೋ ಎಂದು ನೋಡಿಕೊಳ್ಳಲು ಅವಳಿಗೆ ಧೈರ್ಯವಿರಲಿಲ್ಲ. ಬೂದಿಯ ಬಟ್ಟಲು ಗೂಡಿನಲ್ಲಿ ಹಾಗೇ ಇತ್ತು. ಹಾಸು ಮುಗಿಯಲು ಬಂದಂತೆ ಕಾಕಾ ನೇಯುವುದನ್ನು ನಿಧಾನ ಮಾಡಿದ. ಸ್ವತಃ ಕೆಚ್ಚಿಕೊಳ್ಳಬಹುದಿತ್ತು, ಯಾರನ್ನಾದರೂ ಕರೆಸಬಹುದಿತ್ತು. ಎರಡನ್ನೂ ಮಾಡಲಿಲ್ಲ.

ಒಂದು ರವಿವಾರ ನಾನು ಹೋದಾಗ ಕಾಕು ಪೆಟ್ಟಿಗೆಯ ಬಟ್ಟೆಗಳನ್ನು ಬಿಸಿಲಿಗೆ ಹಾಕಿ ಮಡಚುತ್ತಿದ್ದಳು. ನನ್ನ ಕಡೆ ನೋಡಿಕೊಂಡು ಓಣಿಯ ಒಂದು ಮದುವೆಯ ಸುದ್ದಿ ಹೇಳುತ್ತಿದ್ದಳು. ತಳದಲ್ಲಿದ್ದ ಒಂದು ಹಸಿರು ಸೀರೆಯನ್ನು ತೆಗೆದು ಬಲಗೈಯಿಂದ ಅದರ ಮಡಿಕೆ ಸವರಿದಳು. ಮಾತು ಅರ್ಧಕ್ಕೆ ನಿಂತಿತು.

"ಹುಂ," ಎಂದಳು. "ಇವು ಎರಡು ಅಡ್ಡಾಗ್ಯಾವ."

ಎರಡು ಸಲ ಸವರಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಸವರಿದಳು. ಹೆಬ್ಬೆರಳು ಅಂಚಿನಿಂದ ನಾಲ್ಕು ಬೆರಳು ಒಳಗೆ ಅದೇ ಜಾಗದಲ್ಲಿ ನಿಂತಿತು. ನಾನೂ ಅಲ್ಲಿ ಬೆರಳಿಟ್ಟೆ. ನುಣ್ಣಗಿನ ಬಟ್ಟೆ, ಬೇರೇನೂ ಇಲ್ಲ.

"ಇದು ಯಾರು ಕೆಚ್ಚಿದ್ದು?" ಎಂದು ಕೇಳಿದಳು. ಕೇಳಿದ ಕೂಡಲೇ ಅವಳಿಗೇ ಉತ್ತರ ತಿಳಿಯಿತು. ಆ ಮನೆಯಲ್ಲಿ ಬೇರೆ ಯಾರೂ ಕೆಚ್ಚಿದವರಿಲ್ಲ.

ಮಗ್ಗ ನಿಂತಿತ್ತು.

"ಬ್ಯಾಸಗಿದು," ಎಂದ ಕಾಕಾ. "ಸೀರಿ ಇಳಿಸಿ ಮಡಚೂ ಮುಂದ ಕೈಗೆ ಹತ್ತಿತು. ನೀ ನೀರಿಗೆ ಹೋದಾಗ ಮಗ್ಗದ ಮ್ಯಾಲಿನ ಹಾಸಿನ್ಯಾಗ ಆ ಎರಡೂ ಎಳಿ ಹರದು ಸರಿ ಮಾಡಿದೆ. ಇದನ್ನ ಪ್ಯಾಟಿಗೆ ಕಳಿಸಲಿಲ್ಲ."

"ಅವತ್ತ ಗೊತ್ತಿತ್ತು ನಿಮಗ. ಯಾಕ ಹೇಳ್ಲಿಲ್ಲ?"

ಕಾಕಾ ಲಾಳಿಯನ್ನು ಕೈಯಲ್ಲಿ ತಿರುಗಿಸಿದ.

"ನಿನಗ ತಿಳೀಲಾರದ್ದನ್ನ ನಾ ಏನಂತ ಹೇಳ್ಲಿ ಬೇ? ತಿಳಿಯೂ ದಿನಾ ಬರ್ತೈತಿ ಅಂತ ಇಟ್ಟಿದ್ದೆ."

ಕಾಕು ಸೀರೆಯನ್ನು ಮಡಚದೆ ಪಕ್ಕಕ್ಕೆ ಇಟ್ಟಳು. ಆಮೇಲೆ ಎದ್ದು ಗೂಡಿನಲ್ಲಿದ್ದ ಬಟ್ಟಲನ್ನು ಇಳಿಸಿ, ಹಳೆಯ ಬೂದಿ ಚೆಲ್ಲಿ, ಒಲೆಯಿಂದ ಹೊಸದು ತುಂಬಿದಳು.

ಮುಂದಿನ ವಾರ ಡಾಕ್ಟರಿಗೆ ತೋರಿಸಲು ಹೋದಾಗ ಉಟ್ಟಿದ್ದು ಅದೇ ಹಸಿರು ಸೀರೆ. "ಕೈ ಹೆಂಗೈತ್ರಿ ಅವ್ವಾರ?" ಎಂದು ಕೇಳಿದರು ಡಾಕ್ಟರು. ಕಾಕು ಸೆರಗಿನ ಅಂಚು ಹಿಡಿದು, ಅಂಚಿನಿಂದ ನಾಲ್ಕು ಬೆರಳು ಒಳಗೆ ಅಳೆದು, ಆ ಜಾಗವನ್ನು ಅವರ ಮುಂದೆ ಮೇಜಿನ ಮೇಲೆ ಹಾಸಿದಳು.

"ಇಲ್ಲೆ ಕೈ ಆಡಿಸ್ರಿ. ಏನರೆ ಗೊತ್ತಾಕೈತೇನು?"

ಡಾಕ್ಟರು ಸವರಿದರು. ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ನರ ಹುಡುಕಿದಷ್ಟೇ ಶ್ರದ್ಧೆಯಿಂದ ಇನ್ನೊಮ್ಮೆ ಸವರಿದರು. ಆಮೇಲೆ ತಲೆ ಅಲ್ಲಾಡಿಸಿದರು.

"ಇಲ್ರೀ ಅವ್ವಾರ. ನನಗೇನೂ ಗೊತ್ತಾಗವಲ್ದು."

"ನನಗ ಗೊತ್ತಾಕೈತ್ರೀ," ಎಂದಳು ಕಾಕು.